ಮೂರು ಸಲ ಟಕ್

ಸೆಪ್ಟೆಂಬರ್ 9, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಚಾವಡಿಯ ಗೋಡೆಗೆ ಹೊಸತಾಗಿ ಹಾಕಿದ ಕರೆಂಟ್ ಮೀಟರಿನ ಗಾಜಿನೊಳಗೆ ನೀರು ತುಂಬಿತ್ತು. ನೀರಿನೊಳಗೆ ನಮ್ಮ ಯಜಮಾನರು. ಬೂತಾಯಿ ಮೀನಿನಷ್ಟು ಸಣ್ಣಗಾಗಿದ್ದರು. ಒಳಗಿನಿಂದ ಗಾಜಿಗೆ ಬೆರಳಲ್ಲಿ ಬಡಿಯುತ್ತಿದ್ದರು. ಕರೆಂಟಿನ ವಸ್ತು, ಮುಟ್ಟಿದರೆ ಹೊಡೆಯುತ್ತದೆ ಎಂದು ನಾನು ದೂರವೇ ನಿಂತಿದ್ದೆ. ಎಚ್ಚರವಾಯಿತು. ಕನಸಿನಲ್ಲಾದರೂ ಕೈ ಚಾಚಬಹುದಿತ್ತಲ್ಲ ಎಂದು ಅನಿಸಿ ಮತ್ತೆ ಮಲಗಲಾಗಲಿಲ್ಲ.

ಎದ್ದು ಕಿಟಕಿಯ ಹತ್ತಿರದ ವಯರ್‌ಲೆಸ್ ಸೆಟ್ಟಿನ ಮುಂದೆ ಕೂತೆ. ಇವರು ತಂಡೇಲರಾಗಿ ನಡೆಸುವ ಸಾಗರದೀಪ ಬೋಟಿಗೆ ಹೊಸ ಸೆಟ್ಟು ಬಂದಾಗ ಬೋಟಿನ ಧಣಿ ಜೋನ್ ಅವರು ಈ ಹಳೆಯದನ್ನು ಇವರಿಗೆ ಕೊಟ್ಟದ್ದು. ಹಂಚಿನ ಮಾಡಿನ ಮೇಲೆ ಪೈಪು ನಿಲ್ಲಿಸಿ, ವಯರು ಎಳೆದು, ಹಳೆ ಬ್ಯಾಟರಿಗೆ ಕೊಟ್ಟು ಇವರೇ ಕೂರಿಸಿದರು. ಮೊಬೈಲು ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಸತ್ತುಹೋಗುತ್ತದೆ. ಇದರಲ್ಲಿ ಬೋಟಿನವರು ತಮ್ಮ ತಮ್ಮೊಳಗೆ ಆಡುವ ಮಾತೆಲ್ಲ ಎರ್ಮಾಳಿನ ನಮ್ಮ ಅಡುಗೆಮನೆಯವರೆಗೆ ಕೇಳುತ್ತದೆ.

ಸೆಟ್ಟು ಕೂರಿಸಿದ ಹೊಸತರಲ್ಲಿ ಇವರು ಒಮ್ಮೆ ಸಮುದ್ರದಿಂದ "ನಳಿನಾ, ಊಟ ಆಯ್ತಾ?" ಎಂದು ಕೇಳಿಬಿಟ್ಟರು. ಆಮೇಲೆ ಒಂದು ತಿಂಗಳು ಮಲ್ಪೆಯ ಬೋಟುಗಳಿಗೆಲ್ಲ ಅದೇ ಹಾಡು. ಬಲೆ ಬಿಟ್ಟವನೂ "ನಳಿನಾ, ಊಟ ಆಯ್ತಾ", ಡೀಸಲ್ ಹಾಕಿದವನೂ "ನಳಿನಾ, ಊಟ ಆಯ್ತಾ". ಇವರು ನಾಚಿ ಮಾತೇ ಬಿಟ್ಟರು. ಅಂದಿನಿಂದ ಬಲೆ ಎಳೆದು ಊಟಕ್ಕೆ ಕೂರುವ ಮೊದಲು ಮೈಕಿನ ಗುಂಡಿಯನ್ನು ಮೂರು ಸಲ ಒತ್ತುತ್ತಾರೆ. ಟಕ್, ಟಕ್, ಟಕ್. ನಾನಿದ್ದೇನೆ ಎಂದು ಅರ್ಥ. ಇವರು ಮತ್ತು ನಾನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ಶರ್ಮಿಳಾಳಿಗೆ ಮಾತ್ರ ಹೇಳಿದ್ದೇನೆ, ಅವಳ ಗಂಡ ಪ್ರತೀಕ್ ಇವರ ಬೋಟಿನಲ್ಲೇ ಬಲೆ ಎಳೆಯುವ ಕಲಾಸಿ ಆದ ಕಾರಣ.

ನನ್ನ ಸೆಟ್ಟಿಗೂ ಮೈಕು ಉಂಟು. ಉಪ್ಪುಗಾಳಿ ತಾಗದ ಹಾಗೆ ಪ್ಲಾಸ್ಟಿಕ್ ಕಟ್ಟಿ ಮೊಳೆಗೆ ತೂಗಿಹಾಕಿದ್ದೇನೆ. ಮುಟ್ಟಿದವಳಲ್ಲ. ಅಷ್ಟು ಜನ ಕೇಳುವಾಗ ಮಾತಾಡುವುದು ಹೇಗೆ? ಆರನೇ ಕ್ಲಾಸಿನಲ್ಲಿ ಗಟ್ಟಿಯಾಗಿ ಓದು ಎಂದರೆ ಗಂಟಲಿನಿಂದ ಗಾಳಿ ಮಾತ್ರ ಹೊರಡುತ್ತಿತ್ತು. ಅಮ್ಮ ಮೀನು ಮಾರಲು ಹೋಗುವಾಗ ತಮ್ಮಂದಿರನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದಾಗ ಅಳಲಿಲ್ಲ, ಓದು ಎನ್ನುವವರು ಇನ್ನಿಲ್ಲವಲ್ಲ ಎಂದು ಒಳಗೊಳಗೇ ನೆಮ್ಮದಿ.

ಸೆಪ್ಟೆಂಬರ್ 11, ಗುರುವಾರ

ಇವರಿಗೆ ಏನಾಗಿದೆ? ಮೊದಲು ದಿನಕ್ಕೆ ಒಂದೇ ಸಲ. ಇವತ್ತು ಬೆಳಿಗ್ಗೆ ಕೊದ್ದೆಲು ಕುದಿಯುವಾಗ ಟಕ್ ಟಕ್ ಟಕ್. ಪಾತ್ರೆ ತೊಳೆಯುವಾಗ ಮತ್ತೆ. ಬಟ್ಟೆ ಒಣಗಲು ಹಾಕಿ ಬರುವಾಗ ಮತ್ತೆ. ಇಷ್ಟು ಸಲ ನಾನಿದ್ದೇನೆ, ನಾನಿದ್ದೇನೆ ಎನ್ನುವ ಮನುಷ್ಯ ಏನೋ ಆಗದೆ ಹಾಗೆ ಹೇಳುತ್ತಾನಾ? ಎದೆನೋವು ಬಂದಿರಬಹುದು. ಎಡಗೈ ಜೋಮು ಎಂದು ಹೋದ ಸಲ ಹೇಳಿದ್ದರು. ಅದು ಎಡವಾ ಬಲವಾ ಈಗ ನೆನಪಾಗುತ್ತಿಲ್ಲ.

ಮಗಳು ಭವ್ಯಶ್ರೀಗೆ ಫೋನು ಮಾಡಿದೆ. ಅವಳು ಮಣಿಪಾಲದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಮನೆ ಕಡಿಯಾಳಿಯಲ್ಲಿ.

"ಅಮ್ಮಾ, ಅಪ್ಪನಿಗೆ ಈ ಪ್ರಾಯದಲ್ಲಿ ನಿಮ್ಮ ಮೇಲೆ ಪ್ರೀತಿ ಜಾಸ್ತಿ ಆದದ್ದು ಅಷ್ಟೇ" ಎಂದು ನಕ್ಕಳು.

"ಅವರಿಗೆ ಹಾಗೆಲ್ಲ ಆಗುವುದಿಲ್ಲ ಮಾರಾಯ್ತಿ" ಎಂದೆ.

ಸೆಪ್ಟೆಂಬರ್ 12

ಬೆಳಗಿನಿಂದ ಸೆಟ್ಟಿನ ಹತ್ತಿರ. ಮೀನಿನವಳು ಕೂಗಿದರೂ ಹೊರಗೆ ಹೋಗಲಿಲ್ಲ. ಶರ್ಮಿಳಾ ಬಂದಳು. ಏಳು ತಿಂಗಳ ಬಸುರಿ, ಕಾಲು ಊದಿದೆ, ಡಾಕ್ಟ್ರು ಬೀಪಿ ಎಂದು ಹೆದರಿಸಿದ್ದಾರೆ. "ಒತ್ತಿದರಾ ನಳಿನಕ್ಕ?" "ಒತ್ತಿದರು, ಒತ್ತಿದರು. ಸಾಕುಸಾಕಾಗುವಷ್ಟು." ಅವಳ ಮುಖ ಹೂವಾಯಿತು. ನನ್ನದು ಮಾತ್ರ ಇಲ್ಲಿ ಒಣಗುತ್ತಿದೆ.

ಸೆಪ್ಟೆಂಬರ್ 14, ಆದಿತ್ಯವಾರ

ಇವರು ಬಂದರು. ಎದೆನೋವು ಇಲ್ಲ, ಎಂತದೂ ಇಲ್ಲ. ಸ್ನಾನ ಮಾಡಿ ಗಂಜಿಗೆ ಕೂತರು. ನಾನು ಎದುರು ಕೂತು, ಇಷ್ಟು ಸಲ ಯಾಕೆ ಒತ್ತಿದ್ದು, ಎಂತ ಆದದ್ದು, ಸುಳ್ಳು ಹೇಳಬೇಡಿ ಎಂದು ಕೇಳುತ್ತಿದ್ದೆ.

"ಯಾವಾಗಿನ ಹಾಗೆ ಒಂದು ಸಲ ಒತ್ತಿದ್ದು. ನನಗೆ ಬೇರೆ ಕೆಲಸ ಇಲ್ವಾ?"

ಅಷ್ಟರಲ್ಲಿ ಕಿಟಕಿಯಿಂದ ಟಕ್, ಟಕ್, ಟಕ್.

ಇವರು ಉಪ್ಪಿನಕಾಯಿ ಹಿಡಿದ ಬೆರಳು ಹಾಗೇ ಮೇಲೆ. ನಾನು ಸೆಟ್ಟು ನೋಡಿದೆ, ಇವರನ್ನು ನೋಡಿದೆ.

"ನಾನೀಗ ಇಲ್ಲಿ ಕೂತಿದ್ದೇನೆ ಮಾರಾಯ್ತಿ" ಎಂದರು, ನನಗೆ ಸಂಶಯ ಬಂದ ಹಾಗೆ. "ಬೇಕಾದರೆ ಮುಟ್ಟಿ ನೋಡು."

ಆ ಟಕ್ ಮತ್ತೆ ಬಂದಾಗ ಇವರೇ ಕಂಡುಹಿಡಿದರು. ಸೆಟ್ಟಿನ ವಯರು ಚಾವಡಿಯ ಗೋಡೆಯಲ್ಲಿ ಹೊಸ ಮೀಟರಿನ ಪಕ್ಕದಿಂದಲೇ ಮಾಡಿಗೆ ಹೋಗಿದೆ. ಮೀಟರಿನಲ್ಲೊಂದು ಕೆಂಪು ದೀಪ ಉಂಟು. ಅದು ಮಿಣುಕಿದಾಗೆಲ್ಲ ಸೆಟ್ಟಿನಲ್ಲಿ ಟಕ್. ರೀಡಿಂಗಿನವರು ಮನೆಗೆ ಬರುವುದು ಬೇಡ, ಇದೇ ಗಾಳಿಯಲ್ಲಿ ಲೆಕ್ಕ ಕಳಿಸುತ್ತದೆ ಎಂದು ಹಾಕುವಾಗ ಹೇಳಿದ್ದರು. ಲೆಕ್ಕ ಕಳಿಸುವ ಸದ್ದು ನನ್ನ ಸೆಟ್ಟಿಗೆ ಬೀಳುತ್ತಿದೆ.

ಇವರು ನಗಾಡಿ ಮುಗಿಸಿದರು. ನನಗೆ ನಗು ಬರಲಿಲ್ಲ. ಅಂದರೆ ಈ ವಾರ ಇಡೀ ನಾನು ಗೋಡೆಯನ್ನು ನಂಬಿದ್ದೆ. ಶರ್ಮಿಳಾಳಿಗೂ ಗೋಡೆಯದ್ದೇ ಸುದ್ದಿ ಕೊಟ್ಟಿದ್ದೆ.

ಸೆಪ್ಟೆಂಬರ್ 17, ಬುಧವಾರ

ಕಾಪುವಿನ ಕರೆಂಟ್ ಆಫೀಸಿಗೆ ಹೋದೆ. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಮನಸ್ಸಿನೊಳಗೆ ಹೇಳಿಕೊಂಡೇ ಹೋಗಿದ್ದೆ. ಕೌಂಟರಿನವರು ತಲೆ ಎತ್ತಿದ ಕೂಡಲೇ ಎಲ್ಲ ಹೋಯಿತು.

"ಮೀಟರು ಟಕ್ ಟಕ್ ಅನ್ನುತ್ತದೆ."

"ಮೀಟರಿಗೆ ಶಬ್ದ ಇಲ್ಲಮ್ಮ."

"ಮೀಟರಿನಲ್ಲಿ ಅಲ್ಲ, ಸೆಟ್ಟಿನಲ್ಲಿ. ನಮ್ಮ ಯಜಮಾನರು ಒತ್ತಿದ ಹಾಗೆಯೇ."

ಅವರು ಪಕ್ಕದವರನ್ನು ನೋಡಿದರು. ಹಿಂದೆ ಸಾಲಿನಲ್ಲಿ ಯಾರೋ ನಕ್ಕರು. ನನಗೆ ಆರನೇ ಕ್ಲಾಸು ನೆನಪಾಯಿತು. ಒಂದು ನಂಬರು ಕೊಟ್ಟು, ಫೋನಿನಲ್ಲಿ ಕಂಪ್ಲೇಂಟು ಹಾಕಿ ಎಂದರು. ಬರುವಾಗ ಕೊಡೆ ಅಲ್ಲೇ ಬಿಟ್ಟುಬಂದೆ. ಮರಳಿ ಹೋಗಿ ಕೇಳಲು ನಾಚಿಕೆ.

ಸೆಪ್ಟೆಂಬರ್ 20

ಇವರು ಇನ್ನು ಮೇಲೆ ಐದು ಸಲ ಒತ್ತುತ್ತೇನೆ, ಮೀಟರಿನದ್ದು ಮೂರು, ನನ್ನದು ಐದು ಎಂದು ಹೇಳಿ ಹೋಗಿದ್ದರು. ಮೊನ್ನೆ ಸರಿಯಾಯಿತು. ಇವತ್ತು ಎರಡೂ ಒಟ್ಟಿಗೆ ಬಂದು ಏಳೋ ಎಂಟೋ ಆಯಿತು. ಏಳಾದರೆ ಮೀಟರಿನ ಮೂರು ಕಳೆದು ಇವರದ್ದು ನಾಲ್ಕೇ, ಐದನೆಯದು ಒತ್ತುವ ಮೊದಲು ಇವರ ಕೈ ಯಾಕೆ ನಿಂತಿತು?

ಒಂದು ಮಾತು ಬಾಯಿಬಿಟ್ಟು ಹೇಳಿದರೆ ಈ ಪೀಡೆ ಇಲ್ಲ. ಕೇಳಿದ್ದಕ್ಕೆ, "ಎಂತ ಹೇಳಲಿ? ಊಟ ಆಯ್ತಾ ಅಂತಲಾ?" ಎಂದಿದ್ದರು.

ಸೆಪ್ಟೆಂಬರ್ 24, ಬುಧವಾರ

ಮೀಟರ್ ಕಂಪೆನಿಯ ಹುಡುಗಿ ಬಂದಳು. ಮೋಕ್ಷಾ ಎಂದು ಹೆಸರು, ಕಾರ್ಕಳದವಳು, ಸ್ಕೂಟರಿನಲ್ಲಿ ಬಂದವಳು ನೀರು ಕೇಳುವ ಮೊದಲೇ ಮೀಟರಿಗೆ ಮೊಬೈಲು ಹಿಡಿದಳು. ಮೀಟರು ಸರಿ ಉಂಟು ಎಂದಳು.

"ಸರಿ ಇದ್ದರೆ ಯಾಕೆ ಹೀಗೆ ಬಡಿದುಕೊಳ್ಳುತ್ತದೆ?"

"ಇಲ್ಲಿ ಸಿಗ್ನಲ್ ವೀಕ್ ಆಂಟಿ. ಆಚೆಯಿಂದ ಉತ್ತರ ಬರದಿದ್ದರೆ ಅದು ಮೂರು ಸಲ ಟ್ರೈ ಮಾಡ್ತದೆ. ಆಮೇಲೆ ಸುಮ್ಮನಾಗ್ತದೆ. ಆಮೇಲೆ ಮತ್ತೆ ಮೂರು ಸಲ. ನನಗೆ ಹೇಳಿಕೊಟ್ಟದ್ದು ಅಷ್ಟೇ."

"ಪಾಪ" ಎಂದು ನನ್ನ ಬಾಯಿಂದ ಬಂದುಹೋಯಿತು. ಹುಡುಗಿ ನಕ್ಕಳು.

ಸೆಟ್ಟಿನ ವಯರು ತುಕ್ಕು ಹಿಡಿದಿದೆ, ಮೀಟರಿನಿಂದ ದೂರ ಎಳೆಯಿರಿ, ಆಗಲೂ ಬಂದರೆ ಮೇಲಿನವರಿಗೆ ಬರೆಯುತ್ತೇನೆ ಎಂದಳು. ಇಬ್ಬರೂ ಸೇರಿ ವಯರನ್ನು ಹಿತ್ತಿಲ ಕಡೆಯಿಂದ ತಂದೆವು. ಸದ್ದು ಸಣ್ಣದಾಯಿತು. ಹೋಗಲಿಲ್ಲ. ಸಣ್ಣದಾದದ್ದು ಇನ್ನೂ ಕಷ್ಟ, ದೂರದಿಂದ ಇವರೇ ಒತ್ತಿದ ಹಾಗೆ ಕೇಳುತ್ತದೆ.

ಸೆಪ್ಟೆಂಬರ್ 26, ಶುಕ್ರವಾರ

ಮೈನ್ ಸ್ವಿಚ್ಚು ತೆಗೆದೆ. ಫ್ಯಾನು ನಿಂತಿತು, ಫ್ರಿಜ್ಜು ನಿಂತಿತು. ಮೀಟರಿನ ಕೆಂಪು ದೀಪ ಅಲ್ಲೇ. ಅದಕ್ಕೆ ಕರೆಂಟು ಕಂಬದಿಂದ ನೇರ ಬರುವುದಂತೆ, ನನ್ನ ಸ್ವಿಚ್ಚಿಗೆ ಅದು ಕೇಳುವುದಿಲ್ಲ. ಮತ್ತೆ ಹಾಕಲು ಮರೆತು ಫ್ರಿಜ್ಜಿನ ಬಂಗುಡೆ ಎಲ್ಲ ಹಾಳು. ನೆರೆಮನೆಯ ಪ್ಯಾಟ್ರಿಶಿಯಾ ಬಾಯಿಯ ಬೆಕ್ಕಿಗೆ ಹಬ್ಬ.

ಶರ್ಮಿಳಾ ಬಂದಳು. "ಒತ್ತಿದರಾ?"

ಒತ್ತಿದರು ಎಂದೆ. ಅವಳ ಕಾಲು ನೋಡಿದ ಮೇಲೆ ಬೇರೆ ಹೇಳಲು ಬಾಯಿ ಬರಲಿಲ್ಲ. ಒತ್ತಿರಲೂಬಹುದು ಅಲ್ವಾ? ಸುಳ್ಳೆಂದು ಹೇಗೆ ಹೇಳುವುದು?

ಅಕ್ಟೋಬರ್ 1, ಬುಧವಾರ

ನವರಾತ್ರಿಗೆ ಬನ್ನಿ ಎಂದು ಭವ್ಯಶ್ರೀ ಒಂದೇ ಒತ್ತಾಯ. ಕಡಿಯಾಳಿ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿದೆವು. ಸಾಲಿನಲ್ಲಿ ನಿಂತಿದ್ದಾಗ ಎಲ್ಲಿಯೋ ಟಕ್ ಎಂದು ಕೇಳಿ ತಿರುಗಿದೆ, ಯಾರೋ ತೆಂಗಿನಕಾಯಿ ಒಡೆದದ್ದು. ನಾಲ್ಕು ದಿನ ಇರಲು ಹೋದವಳು ಊಟ ಆದ ಕೂಡಲೇ ಬಸ್ಸು ಹತ್ತಿದೆ. "ಹೋಗಿ, ಆ ಮೀಟರನ್ನೇ ಕಟ್ಟಿಕೊಂಡು ಕೂತುಕೊಳ್ಳಿ" ಎಂದು ಭವ್ಯಶ್ರೀ ಮುಖ ಊದಿಸಿದಳು.

ಮನೆಗೆ ಬಂದು ಸೆಟ್ಟು ಹಾಕಿದೆ. ಟಕ್, ಟಕ್, ಟಕ್. ಮೀಟರಿನದ್ದೇ ಎಂದು ಗೊತ್ತಿದ್ದೂ ಎದೆಯ ಭಾರ ಸ್ವಲ್ಪ ಇಳಿಯಿತು. ನನಗೇನಾಗಿದೆ?

ಅಕ್ಟೋಬರ್ 23, ಗುರುವಾರ

ಗಾಳಿ ಎದ್ದಿದೆ. ಬೋಟುಗಳೆಲ್ಲ ದಡಕ್ಕೆ ಬರಬೇಕೆಂದು ಬೆಳಗಿನಿಂದ ರಸ್ತೆಯಲ್ಲಿ ಮೈಕು ಕಟ್ಟಿ ಕೂಗುತ್ತಿದ್ದಾರೆ. ಸೆಟ್ಟಿನಲ್ಲಿ ಬೋಟುಗಳ ಗಲಾಟೆ, ಒಬ್ಬರ ಮೇಲೊಬ್ಬರು. ಸಾಗರದೀಪದ ಹೆಸರು ಒಂದು ಸಲವೂ ಬರಲಿಲ್ಲ. ಇವರ ಸ್ವರವೂ ಇಲ್ಲ. ಟಕ್ ಟಕ್ ಮಾತ್ರ ಉಂಟು, ಐದರ ಲೆಕ್ಕ ಗೊಂದಲವೆಂದು ಬಿಟ್ಟು ಇವರೂ ಈಗ ಮೊದಲಿನ ಹಾಗೆ ಮೂರೇ ಒತ್ತುವುದು.

ಶರ್ಮಿಳಾಳಿಗೆ ಒತ್ತಿದರು ಎಂದೆ.

ಅಕ್ಟೋಬರ್ 24, ಬೆಳಿಗ್ಗೆ

ಕರೆಂಟು ಹೋಯಿತು. ಕಂಬ ಬಿದ್ದಿದೆಯಂತೆ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಮೀಟರಿನ ಕೆಂಪು ದೀಪ ಆರಿದೆ. ಸೆಟ್ಟು ಬ್ಯಾಟರಿಯಲ್ಲಿ ಉಂಟು, ಬೋಟಿನವರ ಮಾತು ಆಗಾಗ ಬರುತ್ತದೆ. ಅದರ ನಡುವೆ ಎಂತದೂ ಇಲ್ಲ. ಎಂತದೂ ಇಲ್ಲ.

ಇಷ್ಟು ದಿನ ಇದು ನಿಲ್ಲಲಿ ಎಂದು ಹರಕೆ ಹೇಳಿದವಳು ನಾನೇ.

ಅಕ್ಟೋಬರ್ 25, ಶನಿವಾರ

ನಿನ್ನೆಯದ್ದನ್ನು ಇವತ್ತು ಬರೆಯುತ್ತಿದ್ದೇನೆ.

ಶರ್ಮಿಳಾ ಗಾಳಿಯಲ್ಲೇ ಗೋಡೆ ಹಿಡಿದುಕೊಂಡು ಬಂದಳು. ಬಾಗಿಲಲ್ಲೇ, "ಒತ್ತಿದರಾ ನಳಿನಕ್ಕ?"

ನಾನು ಬಾಯಿ ತೆರೆದೆ. ಒತ್ತಿದರು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ದಿನ ಹಿಂದಿನಿಂದ ಮೀಟರು ಬಡಿಯುತ್ತಿತ್ತು, ನಿನ್ನೆ ಅದೂ ಇಲ್ಲ. ಸೆಟ್ಟು ಸುಮ್ಮನೆ ಸೊಂಯ್ ಎನ್ನುತ್ತಿತ್ತು. ಅವಳೂ ಕೇಳುತ್ತಿದ್ದಳು.

"ಇಲ್ಲ" ಎಂದೆ. "ಇವತ್ತು ಇಲ್ಲ. ನಿನ್ನೆಯದ್ದು ಗೊತ್ತಿಲ್ಲ. ಅದು ಮೀಟರಿನದ್ದೂ ಆಗಿರಬಹುದು." ಮೀಟರಿನ ಕಥೆ ಎಲ್ಲ ಹೇಳಿದೆ, ಎಷ್ಟು ದಿನದಿಂದ ನನಗೆ ಗೊತ್ತು ಎಂಬುದನ್ನೂ.

ಅವಳು ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. "ಹಾಗಾದರೆ ಇಷ್ಟು ದಿನ ನಾನು ಕೇಳಿ ಹೋದದ್ದು ಮೀಟರಿನ ಸಮಾಚಾರವಾ?" ಎಂದಳು. ಹೊಟ್ಟೆ ಹಿಡಿದುಕೊಂಡು ನೆಲದಲ್ಲೇ ಕೂತಳು.

"ನೀವು ಕೇಳಿ" ಎಂದಳು ಆಮೇಲೆ.

"ಯಾರ ಹತ್ತಿರ?"

"ಸೆಟ್ಟಿನಲ್ಲಿ. ಯಾರಾದರೂ ನೋಡಿರುತ್ತಾರೆ. ಕೇಳಿ ನಳಿನಕ್ಕ. ಮೈಕು ಉಂಟಲ್ಲ."

ಅಷ್ಟು ಬೋಟಿನವರು ಕೇಳುವಾಗ ನಾನಾ ಎಂದುಕೊಂಡೆ. ಎಂದುಕೊಳ್ಳುವಾಗಲೇ ಪ್ಲಾಸ್ಟಿಕ್ಕಿನ ಗಂಟು ಹಲ್ಲಿನಲ್ಲಿ ಬಿಚ್ಚುತ್ತಿದ್ದೆ. ಗುಂಡಿ ಒತ್ತಿದೆ. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ನನ್ನದಲ್ಲದ ಹಾಗೆ ಒಂದು ಸ್ವರ.

"ಎರ್ಮಾಳಿನಿಂದ ಮಾತಾಡುವುದು. ದೇಜಪ್ಪ ತಂಡೇಲರ ಮನೆಯಿಂದ. ಸಾಗರದೀಪ ಬೋಟನ್ನು ಯಾರಾದರೂ ನೋಡಿದ್ದೀರಾ? ಆರು ಜನ ಇದ್ದಾರೆ. ನೋಡಿದವರು ಹೇಳಿ, ದಮ್ಮಯ್ಯ."

ಉತ್ತರ ಇಲ್ಲ. ಕಾದೆ. ಉತ್ತರ ಇಲ್ಲ. "ಯಾರೂ ಇಲ್ಲ ಶರ್ಮಿಳಾ" ಎಂದೆ. ಅವಳು ನನ್ನ ಕೈ ನೋಡಿದಳು. ನಾನು ಗುಂಡಿ ಒತ್ತಿಹಿಡಿದೇ ಕೂತಿದ್ದೆ. ಬಿಡದೆ ಆಚೆಯವರ ಮಾತು ಬರುವುದಿಲ್ಲ, ಇವರು ಬೇಕಾದಷ್ಟು ಸಲ ಹೇಳಿದ್ದರು. ಅವಳು ನನ್ನ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಎಳೆದು ಬಿಡಿಸಿದಳು.

"... ಯಾರದು ಹೆಂಗಸು? ಮತ್ತೆ ಹೇಳಿ, ಮತ್ತೆ ಹೇಳಿ." ರಾಯ್‌ಸ್ಟನ್ ಎಂಬ ತಂಡೇಲ. ಅವರ ಬೋಟು ಆಗಲೇ ಮಲ್ಪೆಯೊಳಗೆ ಬಂದಿತ್ತು.

ಮತ್ತೆ ಹೇಳಿದೆ. ಈ ಸಲ ಬೆರಳು ಬಿಟ್ಟೆ.

"ಸಾಗರದೀಪವಾ? ನಿನ್ನೆ ಸಂಜೆ ಕಾಪು ದೀಪಸ್ತಂಭದ ನೇರಕ್ಕೆ ಹೊರಗೆ ಇತ್ತು. ಬೋಟಿನ ಅಡಿಯ ಪಂಕಕ್ಕೆ ಬಲೆ ಸುತ್ತಿ ನಿಂತಿತ್ತು. ನಮಗೂ ಎಂಜಿನ್ ಬಿಸಿ, ಎಳೆಯಲಾಗಲಿಲ್ಲ. ಹಿಂದಿನಿಂದ ಹರ್ಷಿತನ ಬೋಟು ಬರುತ್ತಿತ್ತು, ಅವನು ಎಳೆದು ತಂದಿರಬೇಕಲ್ಲ?"

ಇನ್ನೊಂದು ಸ್ವರ ನಡುವೆ ಬಂತು. "ನಾನೆಲ್ಲಿ ತಂದದ್ದು? ನೀವು ತಂದದ್ದು ಅಂತ ನಾನು ಸೀದಾ ಬಂದೆ!"

ನಾನು ಎದ್ದು ನಿಂತೆ.

"ಹಾಗಾದರೆ ಅವರು ಅಲ್ಲೇ ಇದ್ದಾರೆ" ಎಂದೆ, ಗುಂಡಿ ಒತ್ತಿ. "ನಿನ್ನೆಯಿಂದ. ಯಾರು ಹೋಗುತ್ತೀರಿ ಹೇಳಿ."

ನಾನು ಹಾಗೆ ಹೇಳಿದೆನಂತೆ. ಶರ್ಮಿಳಾ ಹೇಳುವುದು. ನನಗೆ ನೆನಪಿಲ್ಲ.

ರಾಯ್‌ಸ್ಟನ್, ಹರ್ಷಿತ್ ಎರಡು ಬೋಟು ಹೊರಟವು. ಎಲ್ಲಿಗೆ ಮುಟ್ಟಿದಿರಿ ಎಂದು ನಾನು ಕೇಳುತ್ತಲೇ ಇದ್ದೆ, ಅವರು ಹೇಳುತ್ತಲೇ ಇದ್ದರು. ಪ್ಯಾಟ್ರಿಶಿಯಾ ಬಾಯಿ ಚಾ ತಂದಿಟ್ಟದ್ದು ಆರಿಹೋಯಿತು. ಗಾಳಿಗೆ ಸಾಗರದೀಪ ದಕ್ಷಿಣಕ್ಕೆ ತೇಲಿಹೋಗಿತ್ತು, ನಮ್ಮ ಎರ್ಮಾಳಿನ ಎದುರಿಗೇ, ಮನೆಯ ಎದುರಿಗೇ ಎಂದು ಹೇಳಬಹುದು. ಸಂಜೆಯ ಮೊದಲು ಕಟ್ಟಿ ಎಳೆದುಕೊಂಡು ಮಲ್ಪೆಗೆ ಮುಟ್ಟಿಸಿದರು. ಆರೂ ಜನ. ಪ್ರತೀಕನ ಅಂಗೈ ಹಗ್ಗಕ್ಕೆ ಸಿಕ್ಕಿ ಸೀಳಿದೆ, ಹೊಲಿಗೆ ಹಾಕಿದ್ದಾರೆ.

ಇವರು ಮನೆಗೆ ಬಂದು ಚಾವಡಿಯಲ್ಲಿ ಕೂತರು. ಕಣ್ಣು ಉಪ್ಪಿನಿಂದ ಕೆಂಪು.

"ಬ್ಯಾಟರಿಗೆ ನೀರು ಹೋಗಿತ್ತು" ಎಂದರು. "ಕೇಳುವಷ್ಟು ಜೀವ ಇತ್ತು, ಹೇಳುವಷ್ಟು ಇರಲಿಲ್ಲ. ನಿನ್ನೆಯಿಂದ ಒತ್ತಿದೆ, ಒತ್ತಿದೆ, ಒಂದೂ ಹೊರಗೆ ಹೋಗಲಿಲ್ಲ. ಆಮೇಲೆ ನಿನ್ನ ಸ್ವರ ಬಂತು."

"ಎಂತ ಕೇಳಿತು?"

"ಎಲ್ಲ. ದಮ್ಮಯ್ಯ ಅಂದದ್ದೂ."

ನನಗೆ ನಾಚಿಕೆಯಾಗಿ ಒಳಗೆ ಹೋದೆ. ಗಂಜಿಗೆ ಇಟ್ಟು ಅಲ್ಲೇ ಒಲೆಯ ಹತ್ತಿರ ಅತ್ತೆ. ಕರೆಂಟು ಇದ್ದಿದ್ದರೆ ನಾನು ಒತ್ತಿದರು ಎಂದು ಹೇಳಿ ಆ ಹುಡುಗಿಯನ್ನು ಮನೆಗೆ ಕಳಿಸುತ್ತಿದ್ದೆ. ಇದನ್ನು ಇವರಿಗೆ ಹೇಳಿಲ್ಲ. ಇಲ್ಲಿ ಮಾತ್ರ.

ಅಕ್ಟೋಬರ್ 27

ಕರೆಂಟು ಬಂತು. ಟಕ್ ಟಕ್ ಟಕ್. ಶರ್ಮಿಳಾ ಬರಲಿಲ್ಲ.

ಅಕ್ಟೋಬರ್ 31, ಶುಕ್ರವಾರ

ಬೋಟು ಮತ್ತೆ ಹೋಯಿತು. ಈ ಬ್ಯಾಟರಿಯಾದರೂ ಸರಿಯಾದದ್ದಾ, ಯಾರು ನೋಡಿದ್ದು, ಜೋನ್ ಅವರಾ? ಅವರಿಗೆ ಕನ್ನಡಕ ಬದಲಾಯಿಸಬೇಕು ಎಂದು ಇವರೇ ಹೇಳುತ್ತಿದ್ದರು.

ಮಧ್ಯಾಹ್ನ ತಡೆಯದೆ ಮೈಕು ತೆಗೆದು, ಸಾಗರದೀಪ, ಬ್ಯಾಟರಿ ಹೇಗುಂಟು ಎಂದು ಕೇಳಿದೆ. ಇವರು "ಉಂಟು, ಉಂಟು" ಎಂದು ಬೇಗ ಮುಗಿಸಿದರು. ಕೂಡಲೇ ಶುರುವಾಯಿತು. ಮೊದಲು ರಾಯ್‌ಸ್ಟನ್, "ನಳಿನಕ್ಕ, ಊಟ ಆಯ್ತಾ?" ಆಮೇಲೆ ಹರ್ಷಿತ್. ಆಮೇಲೆ ಹೆಸರು ಗೊತ್ತಿಲ್ಲದವರು, ಒಬ್ಬರ ಹಿಂದೆ ಒಬ್ಬರು. ಸಾಲಿನಲ್ಲಿ ಯಾರೋ ಒಬ್ಬ "ನನಗೂ ಬಡಿಸಿ ಅಕ್ಕ" ಎಂದ.

"ಮೊದಲು ದಡಕ್ಕೆ ಬಾ ಮಾರಾಯ, ಆಮೇಲೆ ಬಡಿಸುವಾ" ಎಂದೆ. ಎಲ್ಲರೂ ನಕ್ಕರು. ಅನ್ನ ತಳ ಹಿಡಿಯಿತು.

ನವೆಂಬರ್ 4, ಮಂಗಳವಾರ

ಗಂಟಲು ಕೆಟ್ಟಿದೆ. ಊರಿನ ಹೆಂಗಸರಿಗೆ ನಾನೀಗ ಆಫೀಸು. ನಮ್ಮವರು ಎಲ್ಲಿದ್ದಾರೆ ಕೇಳಿ, ಬರುವಾಗ ಮಾತ್ರೆ ತರಲು ಹೇಳಿ, ಮಗು ಹಲ್ಲು ಬಿಟ್ಟಿತು ಎಂದು ಹೇಳಿ. ಬೇಡ ಎನ್ನಲು ಬರುವುದಿಲ್ಲ. ಒಂದು ಬೋಟಿಗೆ ಹೇಳಬೇಕಾದ್ದನ್ನು ಇನ್ನೊಂದಕ್ಕೆ ಹೇಳಿದರೆ ಏನು ಗತಿ ಎಂದು ಅದೊಂದು ಹೊಸ ಹೆದರಿಕೆ.

ಕರೆಂಟ್ ಆಫೀಸಿನಿಂದ ಮೊಬೈಲಿಗೆ ಮೆಸೇಜು, ನಿಮ್ಮ ದೂರು ಪರಿಹಾರವಾಗಿದೆ ಎಂದು. ಓದುವಾಗಲೇ ಟಕ್ ಎಂದಿತು. ನಾಳೆ ಹೋಗಿ ಹೇಳಿಬರಬೇಕು, ಆಗಿಲ್ಲ ಎಂದು. ಹಾಗೆಯೇ ಕೊಡೆಯೂ ಸಿಕ್ಕಿದರೆ ಸಿಗಲಿ.

ನವೆಂಬರ್ 7, ಶುಕ್ರವಾರ

ಶರ್ಮಿಳಾ ಬಂದಳು. ಒತ್ತಿದರಾ ಎಂದು ಕೇಳಲಿಲ್ಲ. ಸೀದಾ ಬಂದು ಸೆಟ್ಟಿನ ಹತ್ತಿರ ಕುರ್ಚಿ ಎಳೆದು ಕೂತಳು. "ಇವತ್ತು ನಾನೂ ಕೇಳುತ್ತೇನೆ. ನಿಮ್ಮನ್ನು ನಂಬಲಿಕ್ಕಿಲ್ಲ" ಎಂದಳು. ತಮಾಷೆಯಾ, ನಿಜವಾ, ಗೊತ್ತಾಗಲಿಲ್ಲ. ನೀರುದೋಸೆ ಕೊಟ್ಟೆ. ಮೂರು ತಿಂದಳು.

ಊಟದ ಹೊತ್ತಿಗೆ ನಾನು ಸಾಗರದೀಪವನ್ನು ಕರೆದೆ. ಎಲ್ಲರೂ ಕ್ಷೇಮವಾ ಎಂದು ಕೇಳಿ ಗುಂಡಿ ಬಿಟ್ಟೆ. ಇವರದ್ದು ಮಾತಿಲ್ಲ. ಅಷ್ಟು ಜನರ ಮುಂದೆ ನಾಚಿಕೆ ಇವರಿಗೆ ಇನ್ನೂ ಹೋಗಿಲ್ಲ. ಟಕ್, ಟಕ್, ಟಕ್ ಎಂದು ಮಾತ್ರ ಬಂತು. ಶರ್ಮಿಳಾ ನನ್ನ ಮುಖ ನೋಡಿದಳು. ನಾನು ಚಾವಡಿಯ ಕಡೆ ನೋಡಿದೆ, ಇಲ್ಲಿಂದ ಕೆಂಪು ದೀಪ ಕಾಣುವುದಿಲ್ಲ.

ಮೈಕು ಬಾಯಿಯ ಹತ್ತಿರ ತಂದೆ.

"ಸಾಗರದೀಪ, ಸಾಗರದೀಪ. ಈಗ ಒತ್ತಿದ್ದು ನೀವಾ, ನಮ್ಮ ಮೀಟರಾ? ಇನ್ನೊಮ್ಮೆ ಒತ್ತಿ, ನೋಡುವಾ."